ವೇದಿಕೆಗೆ ಯಾರನ್ನು ಕರೆಯಬೇಕು?

ಪದವಿ ಕಾಲೇಜಿನಲ್ಲಿ ‘ಕರಿಯರ್ ಗೈಡೆನ್ಸ್’ ಕಾರ್ಯಕ್ರಮ ಅಂದ ಕೂಡಲೇ ಮೊದಲು ಹುಡುಕುವುದು ದೊಡ್ಡ ಹೆಸರನ್ನು. ಇಲ್ಲೇ ಓದಿ ದೊಡ್ಡ ಹುದ್ದೆಗೆ ಹೋದವರು, ಊರಿನ ಉದ್ಯಮಿ, ಯಾವುದೋ ಕಂಪನಿಯ ನಿರ್ದೇಶಕರು. ಅವರು ಬಂದರೆ ಕಾಲೇಜಿಗೆ ಹೆಮ್ಮೆ, ನಿಜ. ಆದರೆ ಐದನೇ ಸೆಮಿಸ್ಟರಿನ ಬಿ.ಎ. ಹುಡುಗಿಗೆ ಬೇಕಾದ ಉತ್ತರ ಅವರ ಹತ್ತಿರ ಇರುವುದು ಕಡಿಮೆ. ಮೂವತ್ತು ವರ್ಷದ ಹಿಂದೆ ಅವರಿಗೆ ಕೆಲಸ ಸಿಕ್ಕ ದಾರಿ ಈಗ ಉಳಿದಿಲ್ಲ.

ಪ್ಲೇಸ್‌ಮೆಂಟ್ ಕೆಲಸ ನೋಡಿಕೊಳ್ಳುವ ನನ್ನ ಅಭಿಪ್ರಾಯ ಇದು: ಡಿಗ್ರಿ ಮುಗಿಸಿ ಎರಡರಿಂದ ನಾಲ್ಕು ವರ್ಷ ಆದವರನ್ನು ಕರೆಯಿರಿ. ಅವರಿಗೆ ಎಲ್ಲವೂ ನೆನಪಿರುತ್ತದೆ. ಮೊದಲ ಸಂಬಳ ಎಷ್ಟು ಬಂತು, ಪಿ.ಜಿ. ಬಾಡಿಗೆಗೆ ಎಷ್ಟು ಹೋಯಿತು, ಯಾವ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿತು, ಬೆಂಗಳೂರಿಗೆ ಹೋಗಲು ಮನೆಯವರನ್ನು ಹೇಗೆ ಒಪ್ಪಿಸಿದರು. ಕೂತು ಕೇಳುವವರಿಗೆ ಇವರು ಸೀನಿಯರ್. ಹಾಗಾಗಿ ಕೈ ಎತ್ತಲು ಭಯ ಇರುವುದಿಲ್ಲ.

ಕಂಪನಿಯಿಂದ ಕರೆಯುವಾಗಲೂ ಅಷ್ಟೇ. ಮುಖ್ಯಸ್ಥರಿಗಿಂತ, ಬಂದ ಅರ್ಜಿಗಳನ್ನು ಓದಿ ಮೊದಲ ಸುತ್ತಿನಲ್ಲಿ ಬೇಡದವರನ್ನು ಬಿಡುವವರು ಬರಲಿ. ಯಾವ ರೆಸ್ಯೂಮೆ ಪಕ್ಕಕ್ಕೆ ಹೋಗುತ್ತದೆ, ಯಾಕೆ ಹೋಗುತ್ತದೆ ಅಂತ ಅವರಿಗೆ ಗೊತ್ತು. ಒಬ್ಬರಾದರೂ ಸುತ್ತಮುತ್ತಲ ಊರಿನವರಿರಲಿ. ಬೆಳಗಾವಿಯಲ್ಲಾದರೆ ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯವರು, ಮಂಗಳೂರಿನಲ್ಲಾದರೆ ಸಹಕಾರಿ ಬ್ಯಾಂಕಿನವರು, ಎಲ್ಲ ಊರಲ್ಲೂ ಸಿಗುವ ಆಡಿಟರ್ ಆಫೀಸಿನವರು. ಫೌಂಡ್ರಿ ಅಂದರೆ ಎಂಜಿನಿಯರುಗಳ ಜಾಗ ಅಂತ ಬಿ.ಕಾಂ. ಹುಡುಗರು ಅಂದುಕೊಂಡಿರುತ್ತಾರೆ. ಅಲ್ಲಿ ಲೆಕ್ಕ, ಸ್ಟೋರ್ಸ್, ಜಿಎಸ್‌ಟಿ ನೋಡಿಕೊಳ್ಳುವವರೂ ಬೇಕಲ್ವಾ? ಊರು ಬಿಟ್ಟು ಹೋಗಲು ಆಗದ ಹುಡುಗಿಯರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರನ್ನು ಮರೆತು ಮಾಡುವ ಕಾರ್ಯಕ್ರಮ ಅರ್ಧ ಕಾರ್ಯಕ್ರಮ.

ಇನ್ನು ಪ್ರಶ್ನೆಗಳು. ‘ಏನಾದರೂ ಕೇಳಿ’ ಅಂತ ಮೈಕ್ ಕೊಟ್ಟರೆ ಇಡೀ ಸಭಾಂಗಣ ಸುಮ್ಮನಾಗುತ್ತದೆ. ಅದಕ್ಕೆ ಒಂದು ವಾರ ಮೊದಲೇ ಪ್ರತಿ ವಿಭಾಗದಲ್ಲೂ ಒಂದು ಡಬ್ಬ ಇಡಬೇಕು. ಹೆಸರು ಬರೆಯುವುದು ಬೇಡ, ಕನ್ನಡದಲ್ಲೇ ಬರೆಯಲಿ. ಆಗ ಬರುವ ಚೀಟಿಗಳೇ ಬೇರೆ. ‘ಒಂದು ಸಬ್ಜೆಕ್ಟ್ ಬ್ಯಾಕ್ ಇದ್ದರೆ ಇಂಟರ್‌ವ್ಯೂಗೆ ಕೂರಿಸ್ತಾರಾ?’ ‘ನೈಟ್ ಶಿಫ್ಟ್ ಇದ್ದರೆ ಕ್ಯಾಬ್ ಮನೆವರೆಗೂ ಬರುತ್ತಾ?’ ‘ಕನ್ನಡ ಮೀಡಿಯಂ ಬಿ.ಎ. ಮಾಡಿದವರಿಗೆ ಬ್ಯಾಂಕಲ್ಲಿ ಕೆಲಸ ಸಿಗುತ್ತಾ?’

ಕೊನೆಯ ಚೀಟಿಯನ್ನೇ ನೋಡಿ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗೆ ಐಬಿಪಿಎಸ್ ಎಂಬ ಸಂಸ್ಥೆ ನಡೆಸುವ ಪರೀಕ್ಷೆಯನ್ನು ಯಾವುದೇ ಪದವಿ ಆದವರು ಬರೆಯಬಹುದು. ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಹಣಕಾಸು ಸಚಿವಾಲಯ 2021ರಲ್ಲೇ ಹೇಳಿತು. ಇಂಗ್ಲಿಷ್ ವಿಭಾಗ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ. ಈ ಮಾತನ್ನು ಕೋಚಿಂಗ್ ಸೆಂಟರಿನ ಪಾಂಪ್ಲೆಟ್ ಹೇಳುವುದಕ್ಕೂ, ಅದೇ ಕಾಲೇಜಿನಲ್ಲಿ ಓದಿ ಪರೀಕ್ಷೆ ಪಾಸಾದವರು ಹೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅಂತ ಬರೆದುಕೊಡುವ ಬಾಂಡ್ ಬಗ್ಗೆಯೂ ಚೀಟಿ ಬಂದೇ ಬರುತ್ತದೆ. ಇದನ್ನು ಹಾರಿಸಿ ಮುಂದೆ ಹೋಗಬೇಡಿ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಎಲ್ಲ ಬಾಂಡೂ ನಿಲ್ಲುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಓದದೆ ಸಹಿ ಹಾಕುವ ಹಾಗಿಲ್ಲ. ಕಂಪನಿಯವರು ಎದುರಿಗೇ ಕೂತಿರುವಾಗ ‘ನಿಮ್ಮಲ್ಲಿ ಬಾಂಡ್ ಇದೆಯಾ, ಎಷ್ಟು ವರ್ಷ?’ ಅಂತ ಕೇಳಿಸಿಬಿಡಿ.

ಅತಿಥಿಗಳಿಗೆ ಮೊದಲೇ ಫೋನ್ ಮಾಡಿ ಈ ಚೀಟಿಗಳನ್ನು ಓದಿ ಹೇಳಬೇಕು. ಸಂಬಳವನ್ನು ‘ಇಷ್ಟರಿಂದ ಇಷ್ಟು’ ಅಂತಲಾದರೂ ಹೇಳಿ, ಸಿಗದೇ ಹೋದ ಕೆಲಸಗಳ ಬಗ್ಗೆಯೂ ಹೇಳಿ ಅಂತ ಕೇಳಿಕೊಳ್ಳಬೇಕು. ಮುಜುಗರ ಅನ್ನುವವರೂ ಇರುತ್ತಾರೆ, ಬಲವಂತ ಬೇಡ.

ವೇದಿಕೆಗೆ ನಾಲ್ಕು ಜನ ಸಾಕು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಮಾತು ಅಂತ ಹೊರಟರೆ ಒಂದು ಗಂಟೆ ಅಲ್ಲೇ ಹೋಯಿತು. ಪ್ರಿನ್ಸಿಪಾಲರ ಹತ್ತಿರ ಮೊದಲೇ ಮಾತಾಡಿ ಹತ್ತು ನಿಮಿಷದಲ್ಲಿ ಮುಗಿಸಿ. ಶಾಲು, ಹಾರ ಕೊನೆಗಿರಲಿ. ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್‌ನ ಫೈಲಿಗೆ ಬೇಕಾದ ಫೋಟೋ ಆಗಲೂ ತೆಗೆಯಬಹುದು. ಪ್ರಶ್ನೆ ಕೇಳುವ ಕೆಲಸವನ್ನು ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿಗೆ ಕೊಡಿ. ಮೇಷ್ಟ್ರು ಕೂತರೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

ಹೆಚ್ಚು ಉಪಯೋಗ ಆಗುವುದು ಆಮೇಲೆ. ಕಾರ್ಯಕ್ರಮ ಮುಗಿದ ಮೇಲೆ ಧೈರ್ಯ ಇರುವ ನಾಲ್ಕು ಹುಡುಗರು ಅತಿಥಿಗಳನ್ನು ಸುತ್ತುವರಿಯುತ್ತಾರೆ. ಉಳಿದವರು ಬಾಗಿಲ ಹತ್ತಿರ ನಿಂತು ನೋಡಿ, ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಬಿಡುತ್ತಾರೆ. ಅದಕ್ಕೆ ಪ್ರತಿ ಅತಿಥಿಗೂ ಒಂದೊಂದು ತರಗತಿ ಕೊಟ್ಟು, ಇಪ್ಪತ್ತು ಇಪ್ಪತ್ತು ಜನರನ್ನು ಕಳಿಸಿ. ಹಳ್ಳಿಗೆ ಹೋಗುವ ಕೊನೆ ಬಸ್ಸಿನ ಹೊತ್ತು ನೋಡಿಕೊಂಡೇ ಸಮಯ ಇಡಿ. ಶನಿವಾರ ಬೆಳಿಗ್ಗೆ ಒಳ್ಳೆಯದು. ಬೆಂಗಳೂರಲ್ಲಿ ಕೆಲಸ ಮಾಡುವವರು ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರಲ್ಲಿರುತ್ತಾರೆ.

ಹಾಗೆ ಬಂದವರಿಗೆ ಬಸ್ ಚಾರ್ಜ್ ಕೊಡಿ. ನಿರ್ದೇಶಕರಿಗೆ ಕಾರು ಕಳಿಸುತ್ತೇವೆ, ಎರಡು ವರ್ಷದ ಹಿಂದೆ ಪಾಸಾದವರಿಗೆ ಖರ್ಚು ಕೇಳಲು ಸಂಕೋಚ. ಹಳೆ ವಿದ್ಯಾರ್ಥಿಗಳ ಸಂಘದ ಖಾತೆಯಿಂದ ಅದನ್ನು ಅವರು ಕೇಳುವ ಮೊದಲೇ ತೆಗೆದಿಡಬೇಕು.