ಗ್ರಾಮ ಪಂಚಾಯ್ತಿಗೆ ನಿಲ್ಲುವುದು: ಜೊತೆಯಲ್ಲಿ ಓದುವವರಿಗೆ ಒಂದಿಷ್ಟು ಟಿಪ್ಪಣಿ

ಪಂಚಾಯತ್ ರಾಜ್ ಪಾಠ ಬಂದಾಗ ನಾವೆಲ್ಲ ಮೊದಲು ಇಸವಿ ಬಾಯಿಪಾಠ ಮಾಡುತ್ತೇವೆ. ಸಂವಿಧಾನದ 73ನೇ ತಿದ್ದುಪಡಿ, 1992. ಜಾರಿಗೆ ಬಂದದ್ದು 1993ರ ಏಪ್ರಿಲ್ 24. ಹನ್ನೊಂದನೇ ಅನುಸೂಚಿ, 29 ವಿಷಯ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಬ್ಬರು ನಿಜವಾಗಿ ಚುನಾವಣೆಗೆ ನಿಲ್ಲಬೇಕು ಅಂದರೆ ಏನೆಲ್ಲ ಗೊತ್ತಿರಬೇಕು ಅಂತ ನನಗೆ ಅರ್ಥವಾದದ್ದು 2020ರ ಡಿಸೆಂಬರ್‌ನಲ್ಲಿ, ನಮ್ಮ ಚಿಕ್ಕಮ್ಮ ನಾಮಪತ್ರ ಹಾಕಿದಾಗ. ಅವರ ಕಾಗದಪತ್ರ ಹಿಡಿದು ಓಡಾಡಿದವಳು ನಾನೇ. ಆಗ ತಿಳಿದದ್ದನ್ನೂ ಆಮೇಲೆ ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಇದನ್ನು ಎಂಎಲ್‌ಎ ಚುನಾವಣೆಯ ಪುಟ್ಟ ರೂಪ ಅಂತ ಓದಬೇಡಿ. ಹಾಗೆ ಓದಿದರೆ ಮತದ ಲೆಕ್ಕವೇ ತಲೆಕೆಳಗಾಗುತ್ತದೆ. ಇದನ್ನು ನಡೆಸುವುದು ಕೂಡ ದಿಲ್ಲಿಯ ಚುನಾವಣಾ ಆಯೋಗ ಅಲ್ಲ, ಸಂವಿಧಾನದ 243ಕೆ ವಿಧಿಯ ಪ್ರಕಾರ ಇರುವ ರಾಜ್ಯ ಚುನಾವಣಾ ಆಯೋಗ.

ಒಂದು ಸ್ಥಾನ ಅಂದರೆ 400 ಜನ

ನಮ್ಮ ರಾಜ್ಯದ ಕಾಯ್ದೆ 1993ರದ್ದು. ಈಗ ಅದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಅದರ ಪ್ರಕಾರ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯ್ತಿ. ಕೊಡಗು, ಉತ್ತರ ಕನ್ನಡ, ಶಿವಮೊಗ್ಗದಂಥ ಜಿಲ್ಲೆಗಳಲ್ಲಿ ಮನೆಗಳು ದೂರ ದೂರ ಇರುತ್ತವೆ, ಅಲ್ವಾ? ಅಲ್ಲಿ 2,500 ಜನಕ್ಕೂ ಪಂಚಾಯ್ತಿ ಮಾಡಬಹುದು.

ಪ್ರತಿ 400 ಜನಕ್ಕೆ, ಅಥವಾ ಅದರ ಭಾಗಕ್ಕೆ, ಒಬ್ಬ ಸದಸ್ಯ. ಈ 'ಅದರ ಭಾಗ' ಅನ್ನುವ ಮಾತನ್ನು ಬಿಡಬೇಡಿ. 5,000 ಜನಸಂಖ್ಯೆಯನ್ನು 400ರಿಂದ ಭಾಗಿಸಿದರೆ 12.5 ಬರುತ್ತದೆ. ಸದಸ್ಯರು 12 ಅಲ್ಲ, 13.

400 ಜನ ಅಂದರೆ ಎಷ್ಟು ಅಂತ ಕಣ್ಣ ಮುಂದೆ ತಂದುಕೊಳ್ಳಿ. ಎಂಬತ್ತು, ತೊಂಬತ್ತು ಮನೆ. ಅದರಲ್ಲಿ ಮಕ್ಕಳನ್ನು ಬಿಟ್ಟು ಮತದಾರರನ್ನು ಎಣಿಸಿದರೆ ಇನ್ನೂ ಕಡಿಮೆ. ಎರಡು ಸಂಜೆ ನಡೆದರೆ ಎಲ್ಲ ಮನೆಯ ಜಗಲಿಯಲ್ಲೂ ಕೂತು ಬರಬಹುದು. ಸಾಮಾನ್ಯ ಮನುಷ್ಯರು ಬಂದು ಕೂರಲಿ ಅಂತಲೇ ಈ ಕುರ್ಚಿಯನ್ನು ಇಷ್ಟು ಹತ್ತಿರ ಇಟ್ಟಿದ್ದಾರೆ. ಇದನ್ನು ಓದಿದಾಗೆಲ್ಲ ನನಗೆ ಸಂತೋಷವಾಗುತ್ತದೆ.

ಇಲ್ಲಿ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯಲೇಬೇಕು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊಡಿಸಿ 'ನೀರ್ ಸಾಬ್' ಅಂತ ಹೆಸರಾದವರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅವರು ಮುಂದೆ ನಿಂತು ತಂದ 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಇತ್ತು. 1987ರಲ್ಲಿ ಅದರಂತೆ ಚುನಾವಣೆಯೂ ಆಯಿತು. ಸಂವಿಧಾನಕ್ಕೆ ತಿದ್ದುಪಡಿ ಬರುವುದಕ್ಕೆ ಇನ್ನೂ ಐದಾರು ವರ್ಷ ಇತ್ತು.

ಈಗ ಸಂವಿಧಾನ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಕೊಡಬೇಕು ಅನ್ನುತ್ತದೆ. ನಮ್ಮ ರಾಜ್ಯ ಅರ್ಧ ಕೊಡುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಜನಸಂಖ್ಯೆಗೆ ತಕ್ಕಷ್ಟು. ಹಿಂದುಳಿದ ವರ್ಗದಲ್ಲಿ 'ಅ' ಮತ್ತು 'ಬ' ಅಂತ ಎರಡು. ಈ ಮೀಸಲು ಸರದಿಯಂತೆ ಬದಲಾಗುತ್ತದೆ. ಹೋದ ಸಲ ನಮ್ಮ ವಾರ್ಡಿಗೆ ಇದ್ದದ್ದೇ ಈ ಸಲವೂ ಇರುತ್ತದೆ ಅಂತ ನಂಬಿಕೊಂಡು ಕೂರಬಾರದು, ಅಧಿಸೂಚನೆ ನೋಡಲೇಬೇಕು.

ತುಂಬ ಜನ ಎಡವುವ ಜಾಗ ಒಂದಿದೆ. 'ಸಾಮಾನ್ಯ' ಅಂತ ಬರೆದಿದ್ದರೆ ಅದು ಗಂಡಸರ ಸೀಟು ಅಂತ ತಿಳಿದುಕೊಳ್ಳುತ್ತಾರೆ. ಮೇಲ್ಜಾತಿಯವರದ್ದು ಅಂತಲೂ ತಿಳಿಯುವವರಿದ್ದಾರೆ. ಎರಡೂ ತಪ್ಪು. ಸಾಮಾನ್ಯ ಸ್ಥಾನಕ್ಕೆ ಯಾರು ಬೇಕಾದರೂ ನಿಲ್ಲಬಹುದು. ಹೆಂಗಸರೂ ನಿಲ್ಲಬಹುದು, ಪರಿಶಿಷ್ಟರೂ ನಿಲ್ಲಬಹುದು. ಮೀಸಲು ಸ್ಥಾನಕ್ಕೆ ಮಾತ್ರ ಆ ಗುಂಪಿನವರೇ ಆಗಬೇಕು.

ಒಬ್ಬರಿಗೆ ಮೂರು ಮತ

ಇದನ್ನು ನಿಧಾನವಾಗಿ ಓದಿ. ವಿಧಾನಸಭೆಯಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ ಶಾಸಕರು. ಗ್ರಾಮ ಪಂಚಾಯ್ತಿಯಲ್ಲಿ ಒಂದೇ ಕ್ಷೇತ್ರದಿಂದ, ಅಂದರೆ ಒಂದೇ ವಾರ್ಡಿನಿಂದ, ಇಬ್ಬರು, ಮೂವರು, ನಾಲ್ವರು ಸದಸ್ಯರು ಬರಬಹುದು. ಎಷ್ಟು ಸ್ಥಾನ ಇದೆಯೋ ಪ್ರತಿ ಮತದಾರರಿಗೂ ಅಷ್ಟು ಮತ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ಮೂರನ್ನೂ ಒಬ್ಬರಿಗೇ ಹಾಕುವಂತಿಲ್ಲ.

ಚಿಕ್ಕಮ್ಮನ ವಾರ್ಡಿನಲ್ಲಿ ಮೂರು ಸ್ಥಾನ ಇತ್ತು: ಒಂದು ಸಾಮಾನ್ಯ, ಒಂದು ಸಾಮಾನ್ಯ ಮಹಿಳೆ, ಒಂದು ಪರಿಶಿಷ್ಟ ಜಾತಿ. ಮತ ಹಾಕಲು 600 ಜನ ಬಂದರು ಅಂತಿಟ್ಟುಕೊಳ್ಳಿ. ಒಟ್ಟು ಬೀಳಬಹುದಾದ ಮತ 600 ಅಲ್ಲ, 1,800. ಮೂರನ್ನೂ ಹಾಕಲೇಬೇಕು ಅಂತೇನಿಲ್ಲ. ಒಂದು ಹಾಕಿ ಸುಮ್ಮನೆ ಬರುವವರೂ ಇದ್ದಾರೆ.

ಇದರಿಂದ ಪ್ರಚಾರದ ರೀತಿಯೇ ಬದಲಾಗುತ್ತದೆ. 'ನನಗೇ ಹಾಕಿ, ಬೇರೆ ಯಾರಿಗೂ ಬೇಡ' ಅನ್ನುವ ಮಾತು ಇಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. 'ನಿಮ್ಮ ಮೂರರಲ್ಲಿ ಒಂದು ನನಗಿರಲಿ' ಅನ್ನಬೇಕು. ಎದುರು ಮನೆಯವರು ತಮ್ಮ ನೆಂಟನಿಗೆ ಒಂದು ಹಾಕಿಯೇ ಹಾಕುತ್ತಾರೆ ಅಂತ ಗೊತ್ತಿದ್ದರೂ ಅವರ ಮನೆಗೆ ಹೋಗಬೇಕು, ಯಾಕೆಂದರೆ ಅವರ ಕೈಯಲ್ಲಿ ಇನ್ನೂ ಎರಡು ಉಳಿದಿರುತ್ತವೆ. ಬೇರೆ ಬೇರೆ ವರ್ಗದ ಸ್ಥಾನಕ್ಕೆ ನಿಂತ ಮೂವರು ಸೇರಿ ಒಟ್ಟಿಗೆ ಮನೆ ಮನೆ ಸುತ್ತುವುದು ಇದೇ ಕಾರಣಕ್ಕೆ.

ಇನ್ನು ಮತ ಹಾಕುವುದು. 2020ರಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಉಳಿದ ಕಡೆ ಮತಯಂತ್ರ ಇರಲಿಲ್ಲ, ಕಾಗದದ ಮತಪತ್ರ. ಯಂತ್ರಕ್ಕೆ ಕೈ ಹೊಂದಿಕೊಂಡಿರುವ ಜನಕ್ಕೆ ಇದು ಸುಲಭ ಅಲ್ಲ. ಚಿಕ್ಕಮ್ಮ ನೋಟ್‌ಬುಕ್ ಹಾಳೆಯಲ್ಲಿ ಮತಪತ್ರದ ಥರ ಗೆರೆ ಎಳೆದು, ಕ್ಯಾರೆಟ್ ತುದಿ ಕತ್ತರಿಸಿ, ಶಾಯಿಗೆ ಅದ್ದಿ, ಬೀದಿಯ ಅಜ್ಜಿಯಂದಿರ ಕೈಯಲ್ಲಿ ಮುದ್ರೆ ಒತ್ತಿಸಿದರು. ಮೂರು ಸಲ ಒತ್ತಿಸಿ, ನಾಲ್ಕನೇ ಸಲ ಕೈ ಎತ್ತಿದರೆ ತಡೆಯುತ್ತಿದ್ದರು. 'ಅಜ್ಜಿ, ನಾಲ್ಕಾದರೆ ಮೂರೂ ಹೋಯ್ತು' ಅಂತ. ನಿಜ, ಸ್ಥಾನಕ್ಕಿಂತ ಜಾಸ್ತಿ ಮುದ್ರೆ ಬಿದ್ದರೆ ಇಡೀ ಮತಪತ್ರವೇ ತಿರಸ್ಕೃತ.

ಮಡಿಸುವುದನ್ನೂ ಹೇಳಿಕೊಟ್ಟರು. ಹಸಿ ಶಾಯಿ ಮಡಿಕೆಯಲ್ಲಿ ಪಕ್ಕದ ಹೆಸರಿಗೆ ಅಂಟಬಹುದು. ಅದಕ್ಕೇ ಆ ಮೊಹರನ್ನು ತಿರುಗುವ ಬಾಣಗಳ ಆಕಾರದಲ್ಲಿ ಮಾಡಿದ್ದಾರೆ. ಅಂಟಿಕೊಂಡ ಗುರುತು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ತಿರುಗಿರುತ್ತದೆ. ಎಣಿಸುವವರು ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ಹೇಳಿಬಿಡಬಹುದು. ಇಷ್ಟು ಚಿಕ್ಕ ರಬ್ಬರ್ ಮೊಹರಿನಲ್ಲೂ ಒಬ್ಬ ಅಜ್ಜಿಯ ಮತ ಉಳಿಸುವ ಯೋಚನೆ ಇದೆ.

ಕಾಗದಪತ್ರ: ಐದು ದಿನದ ಓಟ

2020ರ ಮೊದಲ ಹಂತದ ದಿನಗಳನ್ನು ನೋಡಿ. ಡಿಸೆಂಬರ್ 7ಕ್ಕೆ ಅಧಿಸೂಚನೆ, 11ಕ್ಕೆ ನಾಮಪತ್ರಕ್ಕೆ ಕೊನೆ, 12ಕ್ಕೆ ಪರಿಶೀಲನೆ, 14ಕ್ಕೆ ವಾಪಸ್ ಪಡೆಯಲು ಕೊನೆ, 22ಕ್ಕೆ ಮತದಾನ. ಅಂದರೆ ನಾಮಪತ್ರಕ್ಕೆ ಸಿಗುವುದು ಐದು ದಿನ. ಕಣದಲ್ಲಿ ಯಾರಿದ್ದಾರೆ ಅಂತ ಖಚಿತವಾದ ಮೇಲೆ ಉಳಿಯುವುದು ಎಂಟು ದಿನ. ಅಧಿಸೂಚನೆ ಬಂದ ಮೇಲೆ ತಯಾರಿ ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ.

ನಿಲ್ಲುವವರಿಗೆ 21 ವರ್ಷ ತುಂಬಿರಬೇಕು. ಮತ ಹಾಕಲು 18, ನಿಲ್ಲಲು 21: ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಮಾಡಿ ಕೇಳುತ್ತಾರೆ. ಹೆಸರು ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಇರಬೇಕು. ನಿಮ್ಮ ಹೆಸರು ಸೂಚಿಸಿ ಸಹಿ ಹಾಕಲು ಒಬ್ಬ ಸೂಚಕರು ಬೇಕು, ಅವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ. ಠೇವಣಿ ಆಗ ಸಾಮಾನ್ಯರಿಗೆ 200 ರೂಪಾಯಿ, ಮಹಿಳೆಯರಿಗೂ ಮೀಸಲು ವರ್ಗದವರಿಗೂ 100 ರೂಪಾಯಿ ಇತ್ತು. ಓದಿರಲೇಬೇಕು ಅನ್ನುವ ನಿಯಮ ನಮ್ಮಲ್ಲಿ ಇಲ್ಲ. ಹರಿಯಾಣ ಅಂಥ ನಿಯಮ ತಂದಿತು, 2015ರಲ್ಲಿ ಸುಪ್ರೀಂ ಕೋರ್ಟ್ ರಾಜಬಾಲಾ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ನನ್ನ ಮಟ್ಟಿಗೆ ಕರ್ನಾಟಕದ ದಾರಿಯೇ ಸರಿ. ಶಾಲೆಗೆ ಹೋಗಲು ಆಗದಿದ್ದದ್ದು ಒಬ್ಬ ಹೆಂಗಸಿನ ತಪ್ಪಲ್ಲ, ಆ ಕಾರಣಕ್ಕೆ ಅವರನ್ನು ಇನ್ನೊಮ್ಮೆ ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

ಜಾಸ್ತಿ ಜನರನ್ನು ಕಾಡುವುದು ಬಾಕಿ. ಪಂಚಾಯ್ತಿಗೆ ಕಟ್ಟಬೇಕಾದ ತೆರಿಗೆ ಉಳಿಸಿಕೊಂಡವರು ಅನರ್ಹರಾಗಬಹುದು. ನಮ್ಮ ಮನೆಯ ಕಂದಾಯ ಚಿಕ್ಕಪ್ಪ ಪ್ರತಿ ವರ್ಷ ಕಟ್ಟುತ್ತಿದ್ದರು. ಆದರೆ ಹಿಂದಿನ ಹಳೆ ಮನೆ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇತ್ತು, ಅದರ ನಲ್ಲಿಗೆ ನಾಲ್ಕು ವರ್ಷದ ನೀರಿನ ಬಾಕಿ. ಬೇಬಾಕಿ ಪತ್ರ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ, ಕೇಳಲು ಹೋದಾಗ ಕರ ವಸೂಲಿಗಾರರು ಪುಸ್ತಕ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನಾಮಪತ್ರಕ್ಕೆ ಅದೇ ಕೊನೆ ದಿನ, ಗಂಟೆ ಹನ್ನೆರಡು. ದುಡ್ಡು ಕಟ್ಟಿ, ರಸೀದಿ ಹಿಡಿದು, ಪತ್ರಕ್ಕೆ ಸೀಲು ಹಾಕಿಸಿಕೊಂಡು ಹೋಗುವಾಗ ಚಿಕ್ಕಮ್ಮನ ಕೈ ನಡುಗುತ್ತಿತ್ತು. ಹಾಗಾಗಿ ಮನೆಯ ಹೆಸರಲ್ಲಿ ಇರುವ ಎಲ್ಲ ಖಾತೆ, ಎಲ್ಲ ನಲ್ಲಿಯ ಬಾಕಿಯನ್ನು ತಿಂಗಳ ಮೊದಲೇ ನೋಡಿಕೊಳ್ಳಿ. ಪಂಚಾಯ್ತಿ ಕೆಲಸದ ಗುತ್ತಿಗೆ ಹಿಡಿದಿದ್ದರೆ ಅದೂ ಅಡ್ಡಿಯಾಗುತ್ತದೆ. ಮನೆಯಲ್ಲಿ ಶೌಚಾಲಯ ಇರಬೇಕು ಅನ್ನುವ ಷರತ್ತನ್ನೂ ಮರೆಯಬೇಡಿ.

ಪಕ್ಷದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷಾತೀತ. ಪಕ್ಷದ ಚಿಹ್ನೆ ಇರುವುದಿಲ್ಲ, ಆಯೋಗದ ಪಟ್ಟಿಯಿಂದ ಒಂದು ಚಿಹ್ನೆ ಸಿಗುತ್ತದೆ. ಅವಿರೋಧ ಆಯ್ಕೆ ಕಾನೂನುಬದ್ಧ. ಆದರೆ ಸೀಟನ್ನು ಹರಾಜು ಕೂಗಿ, ದುಡ್ಡು ದೇವಸ್ಥಾನಕ್ಕೆ ಅಂತ ಹೇಳಿ ಉಳಿದವರ ಕೈಲಿ ನಾಮಪತ್ರ ವಾಪಸ್ ತೆಗೆಸುವುದು ಅಪರಾಧ. 2020ರಲ್ಲಿ ಇಂಥ ಸುದ್ದಿ ಬಂದಾಗ ಆಯೋಗ ಜಿಲ್ಲಾಡಳಿತಗಳಿಗೆ ಕ್ರಮ ತೆಗೆದುಕೊಳ್ಳಲು ಹೇಳಿತು. ದೇವರ ಹೆಸರು ಹೇಳಿದ ಮಾತ್ರಕ್ಕೆ ಊರಿನ ಬಡವರ ಹಕ್ಕನ್ನು ಮಾರುವ ಅಧಿಕಾರ ಯಾರಿಗೂ ಬರುವುದಿಲ್ಲ.

ಏನು ಹೇಳಿ ಮತ ಕೇಳುವುದು

ಕುಡಿಯುವ ನೀರು, ಬೀದಿ ದೀಪ, ಚರಂಡಿ, ಊರೊಳಗಿನ ರಸ್ತೆ, ಕಸ, ಮನೆ ಕಂದಾಯ, ಮನೆಯ ಖಾತೆಯ ನಮೂನೆ 9 ಮತ್ತು 11: ಇವು ಪಂಚಾಯ್ತಿಯ ಕೈಯಲ್ಲಿ ಇರುವಂಥವು. ರೇಷನ್ ಕಾರ್ಡ್ ಆಹಾರ ಇಲಾಖೆಯದ್ದು. ವೃದ್ಧಾಪ್ಯ ವೇತನ ಕಂದಾಯ ಇಲಾಖೆಯದ್ದು, ನಾಡಕಚೇರಿಗೆ ಹೋಗಬೇಕು. ಪ್ರಚಾರದಲ್ಲಿ ಜನ ಕೇಳುವುದು ಬಹುಪಾಲು ಈ ಎರಡನೇ ಗುಂಪಿನದ್ದನ್ನೇ.

ಒಂದು ಮನೆಯಲ್ಲಿ ಅಜ್ಜಿಯೊಬ್ಬರು 'ಪಿನ್‌ಷನ್ ಮಾಡಿಸಿಕೊಡ್ತೀಯೇನವ್ವ?' ಅಂತ ಕೇಳಿದರು. ಜೊತೆಗಿದ್ದವರು 'ಹ್ಞೂಂ ಅನ್ನು' ಅಂತ ಕಣ್ಸನ್ನೆ ಮಾಡಿದರು. ಚಿಕ್ಕಮ್ಮ ಹಾಗನ್ನಲಿಲ್ಲ. 'ಅದು ನನ್ನ ಕೈಯಲ್ಲಿಲ್ಲ ಅಜ್ಜಿ. ಅರ್ಜಿ ಬರೆದುಕೊಡ್ತೀನಿ, ನಾಡಕಚೇರಿಗೆ ಜೊತೆಗೆ ಬರ್ತೀನಿ. ನಿಮ್ಮ ಬೀದಿ ನಲ್ಲಿ ಮಾತ್ರ ನನ್ನ ಕೆಲಸ' ಅಂದರು. ಭಾಷಣದ ಟಿಪ್ಪಣಿ ಬರೆದುಕೊಳ್ಳುವವರು ಹಾಳೆಯ ನಡುವೆ ಒಂದು ಗೆರೆ ಎಳೆದು, ಒಂದು ಕಡೆ 'ಮಾಡುತ್ತೇನೆ', ಇನ್ನೊಂದು ಕಡೆ 'ಜೊತೆಗೆ ಬರುತ್ತೇನೆ' ಅಂತ ಬರೆದುಕೊಳ್ಳಿ.

ಒಬ್ಬ ಸದಸ್ಯರು ಒಬ್ಬರೇ ಏನನ್ನೂ ಮಂಜೂರು ಮಾಡುವುದಿಲ್ಲ ಅನ್ನುವುದೂ ತಿಳಿದಿರಲಿ. ಕೆಲಸ ಮೊದಲು ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಬರಬೇಕು, ಕ್ರಿಯಾ ಯೋಜನೆಗೆ ಸೇರಬೇಕು, ಸಾಮಾನ್ಯ ಸಭೆಯಲ್ಲಿ ಬಹುಮತ ಬೇಕು. ಆಮೇಲೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ಜಾರಿ ಮಾಡಬೇಕು.

ಎಣಿಕೆ ಮತ್ತು ಆಮೇಲೆ

ಡಿಸೆಂಬರ್ 30ರಂದು ತಾಲೂಕು ಕೇಂದ್ರದಲ್ಲಿ ಎಣಿಕೆ. ಕಾಗದ ಆದ್ದರಿಂದ ರಾತ್ರಿವರೆಗೂ ನಡೆಯಿತು. ನಮ್ಮ ವಾರ್ಡಿನಲ್ಲಿ ತಿರಸ್ಕೃತ ಮತಪತ್ರ 31, ಚಿಕ್ಕಮ್ಮ ಗೆದ್ದದ್ದು 9 ಮತದಿಂದ. ಆ ಕ್ಯಾರೆಟ್ ಮುದ್ರೆಯ ಬೆಲೆ ಆಗ ಗೊತ್ತಾಯಿತು. ಮತ ಸಮ ಬಂದರೆ ಚೀಟಿ ಎತ್ತುತ್ತಾರೆ. ಫಲಿತಾಂಶದ ಮೇಲೆ ತಕರಾರಿದ್ದರೆ 30 ದಿನದೊಳಗೆ ನ್ಯಾಯಾಲಯಕ್ಕೆ ಚುನಾವಣಾ ಅರ್ಜಿ ಹಾಕಬೇಕು. 243ಒ ವಿಧಿ ಹೇಳುವುದು ಇದನ್ನೇ: ಈ ಅರ್ಜಿಯ ದಾರಿ ಬಿಟ್ಟು ಬೇರೆ ರೀತಿಯಲ್ಲಿ ಚುನಾವಣೆಯನ್ನು ಪ್ರಶ್ನಿಸುವಂತಿಲ್ಲ.

ಅಧ್ಯಕ್ಷ, ಉಪಾಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಸದಸ್ಯರೇ ತಮ್ಮೊಳಗೆ ಆರಿಸುತ್ತಾರೆ. ಆ ಅವಧಿಯಲ್ಲಿ ಅದು 30 ತಿಂಗಳಿಗೆ ಇತ್ತು. ಸದಸ್ಯರ ಅವಧಿ ಐದು ವರ್ಷ, ಎಣಿಸುವುದು ಮೊದಲ ಸಭೆಯ ದಿನದಿಂದ, ಫಲಿತಾಂಶದ ದಿನದಿಂದ ಅಲ್ಲ.

ಹೆಂಡತಿ ಸದಸ್ಯೆ, ಸಭೆಯಲ್ಲಿ ಕೂರುವುದು ಗಂಡ ಅನ್ನುವ ದೂರು ಎಲ್ಲ ಕಡೆ ಇದೆ. ಕಾನೂನಿನಲ್ಲಿ ಅದಕ್ಕೆ ಜಾಗ ಇಲ್ಲ. ಮೊದಲ ಸಾಮಾನ್ಯ ಸಭೆಗೆ ಚಿಕ್ಕಪ್ಪ ಚಿಕ್ಕಮ್ಮನನ್ನು ಬೈಕಿನಲ್ಲಿ ಕರೆದುಕೊಂಡು ಹೋಗಿ ಗೇಟಿನ ಹತ್ತಿರವೇ ನಿಂತರು. ಒಳಗೆ ನಡಾವಳಿ ಪುಸ್ತಕವನ್ನು ಸಹಿಗೆ ಅಂತ ಮುಂದೆ ತಂದಿಟ್ಟಾಗ ಸಭೆ ಇನ್ನೂ ಶುರುವಾಗಿರಲಿಲ್ಲ, ಪುಟ ಖಾಲಿ ಇತ್ತು. ಚಿಕ್ಕಮ್ಮ ಹಾಜರಾತಿಗೆ ಮಾತ್ರ ಸಹಿ ಮಾಡಿದರು. ಠರಾವು ಬರೆದು, ಓದಿ ಹೇಳಿದ ಮೇಲೆ ಕೆಳಗೆ ಸಹಿ ಮಾಡುತ್ತೇನೆ ಅಂದರು. ಮಧ್ಯಾಹ್ನ ಎರಡೂವರೆಗೆ ಓದಿ ಹೇಳಿದರು. ಹಳೆ ಮನೆ ಬೀದಿಯ ಪೈಪಿನ ಕೆಲಸ ಏಳನೇ ವಿಷಯವಾಗಿ ಅದರಲ್ಲಿತ್ತು.