ಇನ್ನೂರು ವರ್ಷ ಕೊಳೆಯಬೇಕಾದ ದಿಮ್ಮಿಗಳು

ಬಿದ್ದ ಮರವನ್ನು ಹುಡುಕಿಕೊಂಡು ಬರುವ ಮೊದಲಿಗರಲ್ಲಿ ಆಂಬ್ರೋಸಿಯಾ ದುಂಬಿಯೂ ಒಂದು. ಅಕ್ಕಿಕಾಳಿಗಿಂತ ಚಿಕ್ಕದು. ತೊಗಟೆ ಕೊರೆದು ಒಳಗೆ ಹೋಗುತ್ತದೆ. ಅದು ತೋಡಿದ ತೂತಿನ ಬಾಯಲ್ಲಿ ಬಿಳಿ ಹುಡಿಯ ಸಣ್ಣ ಗುಪ್ಪೆ ಬೀಳುತ್ತದೆ. ಆದರೆ ಅದು ಮರವನ್ನು ತಿನ್ನುವುದಿಲ್ಲ. ಮೈಯಲ್ಲಿರುವ ಪುಟ್ಟ ಚೀಲದಲ್ಲಿ ಶಿಲೀಂಧ್ರದ ಬೀಜಕಣಗಳನ್ನು ಹೊತ್ತು ತಂದು, ಕೊರೆದ ಸುರಂಗದ ಗೋಡೆಗೆ ಬಿತ್ತಿ, ಬೆಳೆದ ಬೆಳೆಯನ್ನು ತಾನೂ ತಿಂದು ಮರಿಗಳಿಗೂ ಉಣಿಸುತ್ತದೆ. ಆ ತೂತುಗಳಿಂದ ಬೇರೆ ಜೀವಿಗಳಿಗೂ ದಾರಿ ತೆರೆಯುತ್ತದೆ.

ಅಮೆರಿಕದ ಓರೆಗಾನ್ ರಾಜ್ಯದ ಎಚ್. ಜೆ. ಆಂಡ್ರ್ಯೂಸ್ ಪ್ರಾಯೋಗಿಕ ಅರಣ್ಯದಲ್ಲಿ ಇಂಥ ಸಂಗತಿಗಳಿಗೆಲ್ಲ ಲೆಕ್ಕ ಇಡುತ್ತಾರೆ. ಕ್ಯಾಸ್ಕೇಡ್ ಪರ್ವತಗಳ ಪಶ್ಚಿಮ ಇಳಿಜಾರಿನಲ್ಲಿ, ಲುಕ್‌ಔಟ್ ಹೊಳೆಯ ಸುತ್ತ ಹರಡಿರುವ ಸುಮಾರು 6,400 ಹೆಕ್ಟೇರ್ ಕಾಡು ಅದು. ಐನೂರು ವರ್ಷ ಕಂಡ ಡಗ್ಲಸ್ ಫರ್ ಮರಗಳು ಅಲ್ಲಿವೆ. 1985ರಲ್ಲಿ ಪರಿಸರ ವಿಜ್ಞಾನಿ ಮಾರ್ಕ್ ಹಾರ್ಮನ್ ಮತ್ತು ಸಂಗಡಿಗರು ನಾಲ್ಕು ಜಾತಿಯ ಮರಗಳ ಐನೂರಕ್ಕೂ ಹೆಚ್ಚು ದಿಮ್ಮಿಗಳನ್ನು ಆರು ಕಡೆ ನೆಲದ ಮೇಲೆ ಮಲಗಿಸಿದರು. ಆಗಾಗ ಕೆಲವು ದಿಮ್ಮಿಗಳಿಂದ ಬಿಲ್ಲೆಗಳನ್ನು ಕುಯ್ದು, ಒಣಗಿಸಿ, ತೂಗಿ, ಎಷ್ಟು ಕರಗಿದೆ ಎಂದು ಬರೆದಿಡುತ್ತಾರೆ. ಪ್ರಯೋಗದ ಅವಧಿ 200 ವರ್ಷ. 2185ರಲ್ಲಿ ಕೊನೆಯ ಬಿಲ್ಲೆಯನ್ನು ತೂಗುವವರ ಅಜ್ಜ ಅಜ್ಜಿಯರೂ ಬಹುಶಃ ಇನ್ನೂ ಹುಟ್ಟಿಲ್ಲ.

ಇಷ್ಟು ತಾಳ್ಮೆ ಏಕೆ ಬೇಕೆಂದರೆ, ಅವಸರದ ತೀರ್ಮಾನಗಳು ಈ ಕಾಡುಗಳಿಗೆ ಬಹಳ ಹಾನಿ ಮಾಡಿವೆ. ಬಿದ್ದ ಮರ ಕಸ ಎಂದು ಒಂದು ಕಾಲದಲ್ಲಿ ನಂಬಿದ್ದರು. ಮೀನುಗಳಿಗೆ ಅಡ್ಡಿ ಎಂದು ಹೊಳೆಗಳಿಂದ ದಿಮ್ಮಿಗಳನ್ನು ಎಳೆದು ಹಾಕಿದರು. ಆ ದಿಮ್ಮಿಗಳೇ ಜಲ್ಲಿಯನ್ನು ತಡೆದು ನಿಲ್ಲಿಸಿ, ಮೀನುಗಳಿಗೆ ಮಡುಗಳನ್ನು ಕಟ್ಟಿಕೊಡುತ್ತಿದ್ದವು ಎಂಬುದು ಆಂಡ್ರ್ಯೂಸ್‌ನಂಥ ಕಡೆ ವರ್ಷಗಟ್ಟಲೆ ನೋಡಿದ ಮೇಲೆ ಸ್ಪಷ್ಟವಾಯಿತು. ಮರದ ನೆತ್ತಿಯ ಕಥೆಯೂ ಹಾಗೆಯೇ. ಬಂಡೆ ಹತ್ತುವವರ ಹಗ್ಗ ಹಿಡಿದು ಮೇಲೇರಿದ ವಿಜ್ಞಾನಿಗಳಿಗೆ, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನಂಟನಾದ ಲೊಬೇರಿಯಾ ಕೊಂಬೆಗಳ ಮೇಲೆ ದಟ್ಟವಾಗಿ ಕಂಡಿತು. ಗಾಳಿಯ ಸಾರಜನಕವನ್ನು ಹಿಡಿದಿಟ್ಟು, ಉದುರಿ ಬಿದ್ದಾಗ ಅದನ್ನು ನೆಲಕ್ಕೆ ಒಪ್ಪಿಸುವ ಜೀವಿ ಇದು. ಎಳೆಯ ನೆಡುತೋಪಿನಲ್ಲಿ ಈ ಗೊಬ್ಬರ ಅಷ್ಟಾಗಿ ಸಿಗುವುದಿಲ್ಲ. ಲೊಬೇರಿಯಾ ಹೇರಳವಾಗಲು ಕಾಡಿಗೆ ವಯಸ್ಸಾಗಬೇಕು.

2003ರಿಂದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಪ್ರಿಂಗ್ ಕ್ರೀಕ್ ಪ್ರಾಜೆಕ್ಟ್ ಈ ಕಾಡಿಗೆ ಕವಿಗಳನ್ನೂ ಲೇಖಕರನ್ನೂ ಕಳುಹಿಸುತ್ತಿದೆ. ಇದು ನಡೆಯಬೇಕಾದದ್ದು 2203ರವರೆಗೆ. ಬಂದವರು ಹಿಂದಿನವರು ಕುಳಿತ ಜಾಗಗಳಿಗೇ ಹೋಗುತ್ತಾರೆ: ಹೊಳೆಯ ಜಲ್ಲಿದಂಡೆ, ಕೊಳೆಯುವ ದಿಮ್ಮಿಗಳ ತಾಣ. ಈ ಏರ್ಪಾಡು ನನಗೆ ತುಂಬಾ ಹಿಡಿಸಿದ್ದು ಆ ಕಾರಣಕ್ಕೇ. ದಿಮ್ಮಿ ಎಷ್ಟು ಹಗುರಾಯಿತು ಎಂದು ತಕ್ಕಡಿ ಹೇಳುತ್ತದೆ. ಅದರ ಮೇಲೆ ಪಾಚಿ ಹಬ್ಬಿ, ಪಾಚಿಯಲ್ಲಿ ಬೆರಳುದ್ದದ ಹೆಮ್ಲಾಕ್ ಸಸಿ ಬೇರೂರಿದ್ದನ್ನು ಕಂಡವರಿಗೆ ಸಾವು ಎಂಬ ಮಾತು ಅಲ್ಲಿ ಹೊಂದುತ್ತದೆಯೇ ಎಂದು ಕೇಳಲು ಲೇಖಕ ಬೇಕು.

2023ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಈ ಅರಣ್ಯದ ಬಹುಭಾಗವನ್ನು ಹಾಯ್ದುಹೋಯಿತು. ದಶಕಗಳ ಲೆಕ್ಕ ಕಡತಗಳಲ್ಲಿ ಇರುವುದರಿಂದ, ಉರಿಯುವ ಮೊದಲು ಯಾವ ಮರ ಎಲ್ಲಿತ್ತು, ಹೊಳೆ ಎಷ್ಟು ತಣ್ಣಗಿತ್ತು ಎಂಬುದು ಅಲ್ಲಿಯವರಿಗೆ ಗೊತ್ತು. ಕಪ್ಪಾದ ಕಾಂಡಗಳ ನಡುವೆ ಅಳತೆ ಮುಂದುವರಿದಿದೆ.