ಪದ ಪರಿಚಯ: ಸಹಲೇಖಕತ್ವ

ಸಂಶೋಧನ ಪ್ರಬಂಧವೊಂದರ ಶೀರ್ಷಿಕೆಯ ಕೆಳಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿದ್ದರೆ ಅವರೆಲ್ಲರೂ ಸಹಲೇಖಕರು. ಈ ಪದದೊಳಗೆ 'ಲೇಖಕ' ಇದ್ದರೂ ಅದು ಬರೆದವರನ್ನಷ್ಟೇ ಸೂಚಿಸುವುದಿಲ್ಲ. ಪ್ರಯೋಗವನ್ನು ರೂಪಿಸಿ, ದತ್ತಾಂಶ ಕಲೆಹಾಕಿ, ಅದರ ಅರ್ಥವನ್ನು ಬಿಡಿಸಿದ ವಿದ್ಯಾರ್ಥಿಗಳೂ ಸಹಾಯಕರೂ ಅದರ ವ್ಯಾಪ್ತಿಗೆ ಬರಬಲ್ಲರು. ನಮ್ಮ ಪುಸ್ತಕಗಳ 'ಅರಿಕೆ'ಯಲ್ಲಿ ಕರಡು ತಿದ್ದಿದವರನ್ನೂ ಬೆರಳಚ್ಚು ಮಾಡಿದವರನ್ನೂ ನೆನೆಯುವ ರೂಢಿಯಿದೆ. ಒಳ್ಳೆಯ ರೂಢಿಯೇ, ಆದರೆ ಲೇಖಕರ ಸೌಜನ್ಯದಿಂದ ಬರುವ ಆ ಸ್ಮರಣೆಯನ್ನು ಸಹಲೇಖಕತ್ವಕ್ಕೆ ಬದಲಿಯಾಗಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಸಹಲೇಖಕರಾಗಲು ನಾಲ್ಕು ಷರತ್ತುಗಳಿವೆ: ಕೆಲಸದ ಪರಿಕಲ್ಪನೆ, ವಿನ್ಯಾಸ ಅಥವಾ ದತ್ತಾಂಶಕ್ಕೆ ಗಣನೀಯ ಕೊಡುಗೆ, ಕರಡಿನ ರಚನೆ ಅಥವಾ ವಿಮರ್ಶಾತ್ಮಕ ಪರಿಷ್ಕರಣೆ, ಅಂತಿಮ ರೂಪಕ್ಕೆ ಒಪ್ಪಿಗೆ, ಮತ್ತು ಇಡೀ ಕೆಲಸಕ್ಕೆ ಹೊಣೆಗಾರಿಕೆ. ಹಣ ತಂದುಕೊಟ್ಟದ್ದು ಅಥವಾ ವಿಭಾಗದ ಮುಖ್ಯಸ್ಥರಾಗಿದ್ದದ್ದು ಮಾತ್ರವೇ ಸಾಲದು. ಮೊದಲ ಷರತ್ತನ್ನು ಪೂರೈಸಿದವರಿಗೆ ಕರಡಿನಲ್ಲಿ ಪಾಲ್ಗೊಳ್ಳುವ ಅವಕಾಶ ಕೊಡಲೇಬೇಕೆಂಬ ಮಾತೂ ಅಲ್ಲಿದೆ. ವಿದ್ಯಾರ್ಥಿಗಳ ಮಟ್ಟಿಗೆ ಇದೇ ಮುಖ್ಯ, ಏಕೆಂದರೆ ಕರಡನ್ನೇ ತೋರಿಸದೆ 'ನೀನು ಬರೆದಿಲ್ಲವಲ್ಲ' ಎಂದು ಹೆಸರು ಕೈಬಿಡುವ ದಾರಿಯನ್ನು ಅದು ಮುಚ್ಚುತ್ತದೆ.

ಹೆಸರು ಸೇರಿದರೂ ಮನ್ನಣೆ ದೊರೆಯದಿರಬಹುದು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಲ್ಬರ್ಟ್ ಷಾಟ್ಸ್, ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ದುಡಿದು, ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಅನ್ನು ಪತ್ತೆಹಚ್ಚಿದರು. 1944ರ ಪ್ರಬಂಧದಲ್ಲಿ ಅವರದೇ ಮೊದಲ ಹೆಸರು. ಎರಡನೆಯದು ಎಲಿಜಬೆತ್ ಬುಗಿ, ಕೊನೆಯದು ಮಾರ್ಗದರ್ಶಕ ಸೆಲ್ಮನ್ ವಾಕ್ಸ್‌ಮನ್. ಪೇಟೆಂಟಿಗೆ ಬಂದಾಗ ಬುಗಿ ಅವರ ಹೆಸರಿರಲಿಲ್ಲ. ರಾಯಧನದ ವಿಷಯದಲ್ಲಿ ಷಾಟ್ಸ್ 1950ರಲ್ಲಿ ದಾವೆ ಹೂಡಿ, ರಾಜಿಯಲ್ಲಿ ಸಹ-ಶೋಧಕರೆಂಬ ಮನ್ನಣೆಯನ್ನೂ ಶೇ. 3ರ ಪಾಲನ್ನೂ ಪಡೆದರು. ಆದರೂ 1952ರ ನೊಬೆಲ್ ಸಂದದ್ದು ವಾಕ್ಸ್‌ಮನ್ ಒಬ್ಬರಿಗೇ.

ಹೆಸರುಗಳ ಪಟ್ಟಿಯಿಂದ ಯಾರು ಏನು ಮಾಡಿದರೆಂಬುದು ತಿಳಿಯದು ಎಂಬ ಕಾರಣಕ್ಕೆ 'ಕ್ರೆಡಿಟ್' ಎಂಬ ವರ್ಗೀಕರಣ ಬಂದಿದೆ. ಪರಿಕಲ್ಪನೆ, ವಿಧಾನ, ತಂತ್ರಾಂಶ, ದತ್ತಾಂಶ ನಿರ್ವಹಣೆ, ಮೇಲ್ವಿಚಾರಣೆ ಮೊದಲಾದ 14 ಪಾತ್ರಗಳಲ್ಲಿ ಪ್ರತಿಯೊಬ್ಬರ ಕೆಲಸವನ್ನೂ ಇದು ನಮೂದಿಸುತ್ತದೆ. ಯಾರು ಸಹಲೇಖಕರು ಎಂಬುದನ್ನು ಮಾತ್ರ ಇದು ತೀರ್ಮಾನಿಸುವುದಿಲ್ಲ. ಆ ಮಾತುಕತೆ ಕೆಲಸ ಶುರುವಾಗುವಾಗಲೇ ತಂಡದೊಳಗೆ ನಡೆಯಬೇಕು.